ಜಲ್ಲಿ ದಾರಿಯಲ್ಲಿ ಮಗಳು ಬಿದ್ದಳು, ಸವಾರಿ ಬಿಟ್ಟುಬಿಡಲೇ?

ಓದುಗರ ಪ್ರಶ್ನೆ: ನಾನು ಮೈಸೂರಿನವಳು. ಎರಡು ವರ್ಷದಿಂದ ಜರ್ಮನಿಯ ವಾಲ್ಡೋರ್ಫ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಊರಿನ ಪೂರ್ವಕ್ಕೆ ಕ್ರೈಷ್‌ಗೌ ದಿಣ್ಣೆಗಳು ಶುರುವಾಗುತ್ತವೆ. ಅಲ್ಲಿ ಕಾರುಗಳ ಕಾಟವಿಲ್ಲದ ಜಲ್ಲಿ ದಾರಿಗಳು ಬೇಕಾದಷ್ಟಿವೆ ಎಂದು ಕೇಳಿ, ಮಾರ್ಚ್ ಕೊನೆಗೆ ಒಂದು ಗ್ರಾವೆಲ್ ಸೈಕಲ್ ತೆಗೆದುಕೊಂಡೆ. 11 ವರ್ಷದ ಮಗಳಿಗೂ ದಪ್ಪ ಟೈರಿನ ಸೈಕಲ್ ಕೊಡಿಸಿದೆ. ಮೊದಲ ಸವಾರಿಯಲ್ಲೇ ಕಾಡಿನ ಇಳಿಜಾರಿನಲ್ಲಿ ಮಗಳು ಜಾರಿ ಬಿದ್ದು ಮೊಣಕಾಲು ತರಚಿಕೊಂಡಳು. ಆ್ಯಪ್‌ನಲ್ಲಿ ಅದು ಒಳ್ಳೆಯ ದಾರಿ ಎಂದೇ ಇತ್ತು. ಎರಡನೇ ಸಲ ಹಿಂದಿನ ದಿನ ಮಳೆಯಾಗಿತ್ತು. ಹೊಲದ ನಡುವೆ ಮಣ್ಣು ಮೆತ್ತಿಕೊಂಡು ಚಕ್ರವೇ ತಿರುಗಲಿಲ್ಲ. ಮೂರನೇ ಸಲ ಕೆಂಪು ಉಂಗುರದ ಬೋರ್ಡ್ ಕಂಡು ಹೆದರಿ ವಾಪಸ್ ಬಂದೆವು. ಆಫೀಸಿನಲ್ಲಿ ಒಬ್ಬರು ‘ಇಲ್ಲಿ ಕಾಡಿನಲ್ಲಿ ಎಲ್ಲಿ ಬೇಕಾದರೂ ಓಡಿಸಬಹುದು’ ಅನ್ನುತ್ತಾರೆ, ಇನ್ನೊಬ್ಬರು ‘ದಂಡ ಬೀಳುತ್ತದೆ’ ಅನ್ನುತ್ತಾರೆ. ನಾವಿಬ್ಬರೇ ಕಾಡಿನೊಳಗೆ ಹೋಗುವುದು ಸರಿಯೇ? ಸುಮ್ನೆ ಇದನ್ನೆಲ್ಲ ಬಿಟ್ಟು ಟಾರು ದಾರಿಯಲ್ಲೇ ಓಡಿಸೋಣವೇ?

ಉತ್ತರ: ಬಿಡಬೇಡಿ. ನಿಮ್ಮ ಮೂರು ಸವಾರಿ ಕೆಟ್ಟಿದ್ದು ನಿಮ್ಮಿಂದಲೂ ಅಲ್ಲ, ಮಗಳಿಂದಲೂ ಅಲ್ಲ. ಈ ದಾರಿಗಳನ್ನು ಯಾರಿಗಾಗಿ ಮಾಡಿದ್ದಾರೆ ಎನ್ನುವುದನ್ನು ನಿಮಗೆ ಯಾರೂ ಹೇಳಿಲ್ಲ, ಅಷ್ಟೇ. ಹದಿನಾರು ವರ್ಷದಿಂದ ನಾನು ಹೈಡೆಲ್‌ಬರ್ಗ್ ಕಡೆ ಸೈಕಲ್ ರಿಪೇರಿ ಮಾಡಿಕೊಂಡು, ವಾರಾಂತ್ಯದಲ್ಲಿ ಜನರನ್ನು ಇದೇ ದಿಣ್ಣೆಗಳಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಹೊಸಬರಲ್ಲಿ ಹೆಚ್ಚಿನವರು ಎಡವುವುದು ನೀವು ಹೇಳಿದ ಮೂರು ಜಾಗದಲ್ಲೇ.

ಕ್ರೈಷ್‌ಗೌನ ಜಲ್ಲಿ ದಾರಿಗಳನ್ನು ಸೈಕಲ್‌ಗೆಂದು ಮಾಡಿದ್ದಲ್ಲ. ಹೊಲದ ದಾರಿ ಟ್ರ್ಯಾಕ್ಟರಿನದು, ಕಾಡಿನ ದಾರಿ ಮರದ ಲಾರಿಯದು. ಈ ಭಾಗದಲ್ಲಿ ಹಿಂದೆ ಅಪ್ಪನ ಜಮೀನನ್ನು ಎಲ್ಲ ಮಕ್ಕಳಿಗೂ ಸಮನಾಗಿ ಹಂಚುವ ಪದ್ಧತಿ ಇತ್ತು. ನಮ್ಮಲ್ಲಿ ಹಿಸ್ಸೆಯಾದ ಹಾಗೇ ಹೊಲಗಳು ತುಂಡಾಗುತ್ತಾ ಹೋದವು. ತನ್ನ ತುಂಡಿಗೆ ಹೋಗಲು ಪಕ್ಕದವನ ಹೊಲ ದಾಟಬೇಕಿತ್ತು. ಇದನ್ನು ಸರಿಮಾಡಲು ಚೂರು ಹೊಲಗಳನ್ನು ಒಟ್ಟುಗೂಡಿಸಿ ಮತ್ತೆ ಹಂಚುವ ಕೆಲಸ ನಡೆಯಿತು. ಅದಕ್ಕೆ ಪಶ್ಚಿಮ ಜರ್ಮನಿಯಲ್ಲಿ 1953ರಲ್ಲಿ ‘ಫ್ಲೂರ್‌ಬೆರೈನಿಗುಂಗ್’ ಎಂಬ ಕಾಯ್ದೆಯೇ ಬಂತು. ಹಂಚುವಾಗ ಪ್ರತಿ ಹೊಲಕ್ಕೂ ಟ್ರ್ಯಾಕ್ಟರ್ ಮುಟ್ಟುವ ಹಾಗೆ ಹೊಸ ದಾರಿಗಳನ್ನು ಹಾಕಿದರು. ಇವತ್ತು ನೀವು ಮ್ಯಾಪಿನಲ್ಲಿ ನೋಡುವ ಆ ಸಣ್ಣ ಗೆರೆಗಳ ಬಲೆಯಲ್ಲಿ ದೊಡ್ಡ ಪಾಲು ಹೀಗೆ ಬಂದದ್ದು. ರೈತನ ಗಾಡಿ ಬಿಟ್ಟು ಬೇರೆ ಮೋಟಾರು ವಾಹನ ಬರಬಾರದು ಎಂದು ಬೋರ್ಡ್ ಹಾಕಿದರು. ಸೈಕಲ್‌ನವರಿಗೆ ಅದು ಕಾರಿಲ್ಲದ ದಾರಿಯಾಯಿತು.

ಹಾಗಾಗಿ ‘ಟ್ರಾಫಿಕ್ ಇಲ್ಲದ ದಾರಿ’ ಎಂದರೆ ಗಾಡಿಯೇ ಬರದ ದಾರಿ ಅಲ್ಲ. ಅದು ಯಾರ ದಾರಿ, ಅವರ ಕೆಲಸ ಯಾವ ತಿಂಗಳು ಎನ್ನುವುದು ಗೊತ್ತಿದ್ದರೆ ನಿಮ್ಮ ಅರ್ಧ ತೊಂದರೆ ಹೋಗುತ್ತದೆ.

ಮಗಳು ಬಿದ್ದ ದಾರಿಯನ್ನೇ ನೋಡೋಣ. ಒಳ್ಳೆಯ ಜಲ್ಲಿ ದಾರಿ ಎಂದರೆ ಬರೀ ಕಲ್ಲು ಸುರಿದದ್ದಲ್ಲ. ಕೆಳಗೆ ದಪ್ಪ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ, ಎಲ್ಲಕ್ಕೂ ಮೇಲೆ ಕಲ್ಲುಪುಡಿ. ನೀರು ಹಾಕಿ ರೋಲರ್ ಓಡಿಸಿದಾಗ ಆ ಪುಡಿ ಸಂದುಗಳಿಗೆ ಇಳಿದು, ಒಣಗಿ, ಎಲ್ಲವನ್ನೂ ಹಿಡಿದುಕೊಳ್ಳುತ್ತದೆ. ಟಾರು, ಸಿಮೆಂಟು ಏನೂ ಇಲ್ಲ. ಮಳೆನೀರು ಎರಡೂ ಕಡೆ ಹರಿದು ಹೋಗಲಿ ಎಂದು ನಡುವೆ ಸ್ವಲ್ಪ ಉಬ್ಬಿಸಿರುತ್ತಾರೆ. ಅಂಥ ದಾರಿಯ ಮೇಲೆ ಟೈರು ಸಣ್ಣಗೆ ಸರಸರ ಎನ್ನುತ್ತದೆ, ಸೈಕಲ್ ನೇರ ಓಡುತ್ತದೆ.

ಈಗ ಚಳಿಗಾಲಕ್ಕೆ ಬನ್ನಿ. ಇಲ್ಲಿ ಮರ ಕಡಿಯುವುದು ಹೆಚ್ಚಾಗಿ ಅಕ್ಟೋಬರ್‌ನಿಂದ ಫೆಬ್ರವರಿಯವರೆಗೆ. ದಿಮ್ಮಿ ತುಂಬಿದ ಭಾರಿ ಗಾಡಿಗಳು ಒದ್ದೆ ದಾರಿಯಲ್ಲಿ ಓಡಾಡಿ ಆ ಮೇಲಿನ ಪುಡಿಯ ಪದರ ಕಿತ್ತು ಹೋಗುತ್ತದೆ. ವಸಂತ ಬರುವಾಗ ಅರಣ್ಯದವರು ಹೊಸ ಜಲ್ಲಿ ಸುರಿದು ರಿಪೇರಿ ಮಾಡುತ್ತಾರೆ. ಆ ಜಲ್ಲಿ ಕೂತುಕೊಳ್ಳಲು ಕೆಲವು ವಾರ ಬೇಕು. ನೀವು ಸೈಕಲ್ ತಂದದ್ದು ಮಾರ್ಚ್ ಕೊನೆಗೆ, ಹೋದದ್ದು ಕಾಡಿನ ಇಳಿಜಾರಿಗೆ. ದಾರಿಗೆ ಅದು ವರ್ಷದಲ್ಲೇ ಕೆಟ್ಟ ಹೊತ್ತು. ಆಗಸ್ಟ್‌ನಲ್ಲಿ ಅದೇ ಇಳಿಜಾರಿನಲ್ಲಿ ಅವಳು ಬೀಳುತ್ತಿರಲಿಲ್ಲ ಅಂತ ನನಗನ್ನಿಸುತ್ತದೆ.

ಆ್ಯಪ್ ಸುಳ್ಳು ಹೇಳಿತಾ? ಪೂರ್ತಿ ಹಾಗಲ್ಲ. ಕೊಮೂಟ್‌ನಂಥ ಆ್ಯಪ್‌ಗಳು ದಾರಿಯ ಮಾಹಿತಿಯನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ತೆಗೆದುಕೊಳ್ಳುತ್ತವೆ. ಅದನ್ನು ಬರೆಯುವವರು ನಮ್ಮ ನಿಮ್ಮಂಥ ಜನ. ಅಲ್ಲಿ ‘ಕಾಂಪ್ಯಾಕ್ಟೆಡ್’ ಅಥವಾ ‘ಫೈನ್ ಗ್ರಾವೆಲ್’ ಎಂದಿದ್ದರೆ ಮೇಲೆ ಹೇಳಿದ ಗಟ್ಟಿ ದಾರಿ ಎಂದು ತಿಳಿಯಿರಿ. ಬರೀ ‘ಗ್ರಾವೆಲ್’ ಎಂದಿದ್ದರೆ ಹುಷಾರು. ಆ ಮ್ಯಾಪಿನ ಲೆಕ್ಕದಲ್ಲಿ ಗ್ರಾವೆಲ್ ಎಂದರೆ ರೈಲು ಹಳಿಯ ಕೆಳಗಿರುವಂಥ ಒರಟು, ಚೂಪು ಜಲ್ಲಿ. ಕೆಲವರು ಅದೇ ಪದವನ್ನು ಒಳ್ಳೆಯ ದಾರಿಗೂ ಬರೆದುಬಿಡುತ್ತಾರೆ, ಅದು ಬೇರೆ ತಲೆನೋವು. ದಾರಿಯ ಗಟ್ಟಿತನಕ್ಕೆ ಗ್ರೇಡ್ 1ರಿಂದ 5ರವರೆಗೆ ಅಂಕಿ ಇದೆ. ಮಗಳ ಜೊತೆ 1 ಮತ್ತು 2 ಸಾಕು. 3 ಒಣಗಿದ ದಿನಕ್ಕೆ. 4 ಮತ್ತು 5 ಎಂದರೆ ಹುಲ್ಲು, ಮಣ್ಣು, ಗಾಲಿ ಗುಂಡಿ. ಹೋದ ವಾರ ಲಾರಿ ಬಂದು ಹೋಗಿದ್ದು ಮಾತ್ರ ಯಾವ ಮ್ಯಾಪಿಗೂ ಗೊತ್ತಿರುವುದಿಲ್ಲ.

ಅದಕ್ಕೆ ನಾನು ಗುಂಪಿನವರಿಗೆ ಒಂದು ಕೈಪರೀಕ್ಷೆ ಹೇಳಿಕೊಡುತ್ತೇನೆ. ಇಳಿಜಾರು ಶುರುವಾಗುವ ಮೊದಲು ನಿಲ್ಲಿ. ಬಗ್ಗಿ ದಾರಿಯ ನಡುವಿನಿಂದ ಒಂದು ಹಿಡಿ ಎತ್ತಿಕೊಳ್ಳಿ. ಕಲ್ಲು ಸುಲಭವಾಗಿ ಕಿತ್ತು ಬರದೆ, ಬಂದಷ್ಟರಲ್ಲೂ ಬೂದಿಬಣ್ಣದ ಪುಡಿ ಅಂಗೈಗೆ ಮೆತ್ತಿಕೊಂಡರೆ ಆ ದಾರಿ ನಿಮ್ಮನ್ನು ಹಿಡಿಯುತ್ತದೆ. ಬರೀ ಕಲ್ಲು ಬಂದು, ಕೊಡವಿದಾಗ ಕೈ ಶುಭ್ರವಾಗಿದ್ದರೆ ಅಲ್ಲಿ ಕಲ್ಲನ್ನು ಹಿಡಿಯುವುದು ಏನೂ ಇಲ್ಲ. ಇಳಿದು ತಳ್ಳಿಕೊಂಡು ಹೋಗಿ. ಅದರಲ್ಲಿ ನಾಚಿಕೆ ಏನೂ ಇಲ್ಲ, ನಾನೂ ತಳ್ಳುತ್ತೇನೆ.

ಇನ್ನೊಂದು ಕಾರಣ ಟೈರಿನ ಗಾಳಿ. ಅಂಗಡಿಯಿಂದ ಬರುವ ಮಕ್ಕಳ ಸೈಕಲ್‌ಗಳಲ್ಲಿ ಮುಕ್ಕಾಲು ಪಾಲಿಗೆ ಗಾಳಿ ಜಾಸ್ತಿ ಇರುತ್ತದೆ. ಟೈರಿನ ಪಕ್ಕದಲ್ಲಿ ಬರೆದಿರುವ ದೊಡ್ಡ ಅಂಕಿ ಗರಿಷ್ಠ ಮಿತಿ, ಅಷ್ಟು ಹಾಕಬೇಕು ಅಂತಲ್ಲ. ಗಟ್ಟಿ ಟೈರು ಕಲ್ಲಿನ ಮೇಲೆ ಚೆಂಡಿನ ಹಾಗೆ ಪುಟಿಯುತ್ತದೆ. ಸ್ವಲ್ಪ ಮೆತ್ತಗಿದ್ದರೆ ಕಲ್ಲನ್ನು ಅಪ್ಪಿಕೊಂಡು ಹೋಗುತ್ತದೆ. ಎರಡು ಇಂಚಿನ ಟೈರಿಗೆ, 35 ಕಿಲೋ ತೂಕದ ಮಗುವಿಗೆ 1.5 ಬಾರ್ (ಗಾಳಿಯ ಒತ್ತಡದ ಅಳತೆ) ಸಾಕು. ನಿಮ್ಮದು 40 ಮಿ.ಮೀ. ಟೈರಾದರೆ 2ರಿಂದ 2.5 ಬಾರ್ ಒಳಗೆ ಇಟ್ಟು ನೋಡಿ. ತೀರಾ ಇಳಿಸಿದರೆ ಚೂಪು ಕಲ್ಲು ಬಡಿದು ರಿಮ್ ಮತ್ತು ಟ್ಯೂಬ್ ಎರಡಕ್ಕೂ ಏಟು, ಅದೂ ನೆನಪಿರಲಿ.

ಬ್ರೇಕಿನ ಮಾತು ಮಗಳಿಗೆ ಹೀಗೆ ಹೇಳಿ: ತಿರುವಿಗೆ ಮೊದಲೇ ನಿಧಾನ ಮಾಡು, ತಿರುವಿನ ಒಳಗೆ ಬ್ರೇಕ್ ಮುಟ್ಟಬೇಡ. ಜಲ್ಲಿಯಲ್ಲಿ ಮುಂದಿನ ಬ್ರೇಕನ್ನು ತಿರುವಿನಲ್ಲಿ ಹಿಡಿದರೆ ಮುಂದಿನ ಚಕ್ರ ಅಡ್ಡಕ್ಕೆ ಹೋಗುತ್ತದೆ. ಅವಳು ಬಿದ್ದದ್ದೂ ಹಾಗೇ ಇರಬೇಕು. ತಿರುವಿನ ಹೊರ ಅಂಚಿನಲ್ಲಿ ಸಡಿಲ ಕಲ್ಲು ಗುಡ್ಡೆಯಾಗಿರುತ್ತದೆ, ಲಾರಿಯ ಗಾಲಿ ಓಡಿದ ಎರಡು ಪಟ್ಟಿಗಳೇ ಗಟ್ಟಿ. ಅದರಲ್ಲೇ ಓಡಿಸಲಿ.

ಎರಡನೇ ಸವಾರಿಯ ಮಣ್ಣಿನ ಕಥೆ ಓದಿ ನನಗೆ ನಮ್ಮೂರು ನೆನಪಾಯಿತು. ನಾನು ನವಲಗುಂದದ ಕಡೆಯವನು. ಮಳೆ ಬಿದ್ದ ಎರೆಹೊಲದಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಚಪ್ಪಲಿಗೆ ಎರಡು ಕಿಲೋ ಮಣ್ಣು. ಕ್ರೈಷ್‌ಗೌ ಮಣ್ಣು ಕಪ್ಪಲ್ಲ, ತಿಳಿ ಹಳದಿ. ಹೆಸರು ‘ಲ್ಯೋಸ್’. ಹಿಮಯುಗದಲ್ಲಿ ಗಾಳಿ ಹೊತ್ತು ತಂದು ಹಾಸಿದ ನುಣ್ಣನೆಯ ದೂಳು ಅದು. ಒಣಗಿದ್ದಾಗ ಎಷ್ಟು ಗಟ್ಟಿ ಅಂದರೆ ಗೋಡೆಯ ಹಾಗೆ ನೇರ ನಿಲ್ಲುತ್ತದೆ. ಇಲ್ಲಿ ‘ಹೋಲ್‌ವೆಗ್’ ಎಂಬ ಆಳದ ದಾರಿಗಳಿವೆ, ಎರಡೂ ಕಡೆ ಆಳೆತ್ತರಕ್ಕಿಂತ ಜಾಸ್ತಿ ಮಣ್ಣಿನ ಗೋಡೆ, ಮೇಲೆ ಮರಗಳ ಚಪ್ಪರ. ನೂರಾರು ವರ್ಷ ಬಂಡಿಗಳು ಓಡಿ ಮಣ್ಣು ಪುಡಿಯಾಗಿ, ಮಳೆನೀರು ಅದನ್ನು ತೊಳೆದುಕೊಂಡು ಹೋಗಿ ಆದದ್ದು. ಬೇಸಿಗೆಯಲ್ಲಿ ಅದರೊಳಗೆ ಇಳಿದರೆ ಮೈಗೆ ತಂಪು ಸೋಕುತ್ತದೆ. ಮಗಳಿಗೆ ಖಂಡಿತ ತೋರಿಸಿ.

ಅದೇ ಮಣ್ಣು ನೆಂದರೆ ರೊಟ್ಟಿ ಹಿಟ್ಟು. ಟೈರಿಗೆ ಮೆತ್ತಿಕೊಂಡು, ಫೋರ್ಕಿನ ಸಂದಿನಲ್ಲಿ ಸಿಕ್ಕಿ, ಚಕ್ರವನ್ನು ನಿಲ್ಲಿಸಿಬಿಡುತ್ತದೆ. ಆಗ ಬಲ ಹಾಕಿ ಪೆಡಲ್ ತುಳಿಯಬೇಡಿ. ಹಿಂದಿನ ಗೇರಿನ ಕೊಂಡಿ ಮುರಿದುಕೊಂಡು ನನ್ನ ಹತ್ತಿರ ಬಂದವರು ಎಷ್ಟೋ ಜನ. ಇಳಿದು, ಒಂದು ಕಡ್ಡಿ ಹುಡುಕಿ, ಸಂದಿನಿಂದ ಮಣ್ಣು ಕೆದರಿ ತೆಗೆದು, ಹುಲ್ಲಿನ ಅಂಚಿನಲ್ಲಿ ತಳ್ಳಿಕೊಂಡು ಟಾರು ದಾರಿಗೆ ಬನ್ನಿ. ಜೋರು ಮಳೆಯಾದ ಮೇಲೆ ಎರಡು ಮೂರು ಒಣ ದಿನ ಬಿಟ್ಟು ಹೊಲದ ಮಣ್ಣುದಾರಿಗೆ ಹೋಗುವುದು ನನ್ನ ಪದ್ಧತಿ. ಕಾಡಿನ ಜಲ್ಲಿ ದಾರಿ ಮಾತ್ರ ಮಾರನೇ ದಿನವೇ ನಡೆಯುತ್ತದೆ. ಸೆಪ್ಟೆಂಬರ್‌ನಿಂದ ಇಲ್ಲಿ ಸಕ್ಕರೆ ಬೀಟ್ ಕೀಳುವ ಕಾಲ. ಟ್ರ್ಯಾಕ್ಟರುಗಳು ಹೊಲದ ಮಣ್ಣನ್ನು ಟಾರು ದಾರಿಗೂ ತಂದು ಹಾಕುತ್ತವೆ, ಇಬ್ಬನಿ ಬಿದ್ದ ಬೆಳಿಗ್ಗೆ ಅದು ಸೋಪಿನ ಹಾಗೆ ಜಾರುತ್ತದೆ.

ಇನ್ನು ಬೋರ್ಡ್. ನೀವು ಕಂಡ ಕೆಂಪು ಉಂಗುರದ ಒಳಗೆ ಏನಿತ್ತು? ಮೇಲೆ ಮೋಟಾರ್‌ಸೈಕಲ್, ಕೆಳಗೆ ಕಾರಿನ ಚಿತ್ರ ಇದ್ದರೆ ಅದು ಮೋಟಾರು ವಾಹನಕ್ಕೆ ಮಾತ್ರ ತಡೆ. ನೀವು ಧೈರ್ಯವಾಗಿ ಹೋಗಬಹುದು. ನೀವು ಹುಡುಕುತ್ತಿರುವ ಕಾರಿಲ್ಲದ ದಾರಿಯ ಗುರುತೇ ಅದು! ಒಳಗೆ ಖಾಲಿ ಬಿಳಿ ಇದ್ದರೆ ಎಲ್ಲ ವಾಹನಕ್ಕೂ ತಡೆ, ಸೈಕಲ್ಲೂ ಅದರಲ್ಲಿ ಸೇರಿತು. ಆದರೆ ಅದರ ಕೆಳಗಿನ ಚಿಕ್ಕ ಬಿಳಿ ಪಟ್ಟಿಯನ್ನು ಓದಿ. ಸೈಕಲ್ ಚಿತ್ರದ ಜೊತೆ ‘ಫ್ರೈ’ ಎಂದಿದ್ದರೆ ನಿಮಗೆ ಬಿಡುವು. ‘ಲಾಂಡ್‌ವಿರ್ಟ್‌ಶಾಫ್ಟ್’ ಎಂದು ಶುರುವಾಗುವ ಪಟ್ಟಿ ರೈತರಿಗೆ ಮಾತ್ರ. ‘ಆನ್‌ಲೀಗರ್’ ಎಂದರೆ ಆ ದಾರಿಯ ಮನೆ, ಹೊಲದವರಿಗೆ ಮತ್ತು ಅಲ್ಲಿ ಕೆಲಸವಿದ್ದು ಬರುವವರಿಗೆ. ಖಾಲಿ ಉಂಗುರವಿದ್ದರೂ ಇಳಿದು ತಳ್ಳಿಕೊಂಡು ಹೋಗಲು ಅಡ್ಡಿಯಿಲ್ಲ. 25 ಕಿ.ಮೀ. ವೇಗದವರೆಗೆ ಮಾತ್ರ ಮೋಟಾರಿನ ಸಹಾಯ ಕೊಡುವ ಸೈಕಲ್ ಕೂಡ ಇಲ್ಲಿ ಸೈಕಲ್ಲೇ. 45ರವರೆಗೆ ಓಡುವುದು ಅಲ್ಲ.

ಆಫೀಸಿನ ಇಬ್ಬರ ಮಾತಿನಲ್ಲೂ ಅರ್ಧ ಅರ್ಧ ನಿಜ ಇದೆ. ಜರ್ಮನಿಯಲ್ಲಿ ಕಾಡಿಗೆ ಹೋಗುವ ಹಕ್ಕು ಎಲ್ಲರಿಗೂ ಇದೆ, ಕಾಡು ಖಾಸಗಿಯವರದ್ದಾದರೂ ಸರಿ. ಸೈಕಲ್ ಮಾತ್ರ ದಾರಿಯ ಮೇಲೆ ಓಡಿಸಬೇಕು, ಮರಗಳ ನಡುವೆ ನುಗ್ಗುವಂತಿಲ್ಲ. ನೀವಿರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಇನ್ನೊಂದು ನಿಯಮ ಸೇರುತ್ತದೆ: ಕಾಡಿನಲ್ಲಿ 2 ಮೀಟರಿಗಿಂತ ಕಿರಿದಾದ ದಾರಿಯಲ್ಲಿ ಸೈಕಲ್ ಓಡಿಸಬಾರದು. ಟೇಪು ಹಿಡಿದು ಅಳೆಯುವವರು ಯಾರು? ಸೈಕಲನ್ನು ದಾರಿಗೆ ಅಡ್ಡ ನಿಲ್ಲಿಸಿ. ಸೈಕಲ್ಲಿನ ಉದ್ದ ಕೂತು ಅದರ ಮೇಲೆ ಒಂದು ಗೇಣು ಉಳಿದರೆ ಹೆಚ್ಚುಕಡಿಮೆ 2 ಮೀಟರು. ಲಾರಿ ಓಡುವ ಜಲ್ಲಿ ದಾರಿಗಳೆಲ್ಲ ಅದಕ್ಕಿಂತ ಅಗಲವೇ ಇರುತ್ತವೆ. ನಡೆಯುವವರಿಗೆ ದಾರಿ ಬಿಡಬೇಕು, ಅದು ಕಾಯ್ದೆಯಲ್ಲೂ ಇದೆ. ಬೆಲ್ ಕಡ್ಡಾಯ. ಕುದುರೆ ಮೇಲೆ ಬರುವವರನ್ನು ಹಿಂದಿನಿಂದ ದಾಟುವಾಗ ಬೆಲ್‌ಗಿಂತ ಬಾಯಲ್ಲಿ ‘ಹಲೋ’ ಅನ್ನುವುದು ಒಳ್ಳೆಯದು. ಮನುಷ್ಯರ ದನಿ ಕೇಳಿದರೆ ಕುದುರೆ ಬೆದರುವುದು ಕಡಿಮೆ.

ಮರ ಕಡಿಯುತ್ತಿರುವ ಜಾಗಕ್ಕೆ ದಾರಿಗೆ ಅಡ್ಡ ಬ್ಯಾನರ್ ಕಟ್ಟಿರುತ್ತಾರೆ. ಭಾನುವಾರ, ಯಾರೂ ಕೆಲಸ ಮಾಡುತ್ತಿಲ್ಲ ಎಂದರೂ ದಾಟಬೇಡಿ. ಅರ್ಧ ಮುರಿದು ನೇತಾಡುವ ಕೊಂಬೆ ಭಾನುವಾರ ನೋಡಿಕೊಂಡು ಬೀಳುವುದಿಲ್ಲ. ದಾರಿ ಬದಿ ಪೇರಿಸಿದ ದಿಮ್ಮಿಗಳ ಮೇಲೆ ಮಗಳನ್ನು ಫೋಟೋಕ್ಕೆ ನಿಲ್ಲಿಸುವುದೂ ಬೇಡ, ಉರುಳುತ್ತವೆ.

ನೀವು ಕೇಳದೇ ಬಿಟ್ಟ, ನನಗೆ ಎಲ್ಲಕ್ಕಿಂತ ಭಯವಿರುವ ಒಂದು ವಿಷಯ ಇದೆ. ಕಾಡಿನ ಒಂದು ತುಂಡಿನಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಲಾಂಡ್‌ಸ್ಟ್ರಾಸೆ ಎಂಬ ಹಳ್ಳಿರಸ್ತೆ ಅಡ್ಡ ಬರುತ್ತದೆ. ಅಲ್ಲಿ ಕಾರಿಗೆ 100 ಕಿ.ಮೀ. ವೇಗದವರೆಗೆ ಅನುಮತಿ. ಎರಡು ಗಂಟೆ ಹಕ್ಕಿ ಕೂಗು ಕೇಳಿಕೊಂಡು ಬಂದ ಮನಸ್ಸು ಆ ಒಂದು ನಿಮಿಷಕ್ಕೆ ತಯಾರಿರುವುದಿಲ್ಲ. ಒಂದು ಸಲ ನನ್ನ ಗುಂಪಿನಲ್ಲಿದ್ದ ಒಬ್ಬರು ಕಾಡಿನ ಇಳಿಜಾರು ನೇರ ರಸ್ತೆಗೆ ಸೇರುವ ಜಾಗದಲ್ಲಿ ಬ್ರೇಕ್ ಹಿಡಿದರು. ಹಿಂದಿನ ಚಕ್ರ ಲಾಕ್ ಆಗಿ ಜಲ್ಲಿಯಲ್ಲಿ ಉದ್ದಕ್ಕೆ ಜಾರಿ, ಮುಂದಿನ ಚಕ್ರ ಟಾರಿನ ಬಿಳಿ ಗೆರೆಯ ಮೇಲೆ ಬಂದು ನಿಂತಿತು. ಅದೇ ಹೊತ್ತಿಗೆ ಒಂದು ವ್ಯಾನ್ ಹೋಯಿತು. ಆಮೇಲೆ ನಾವೆಲ್ಲ ತುಂಬಾ ಹೊತ್ತು ಮಾತಾಡದೆ ಹುಲ್ಲಿನ ಮೇಲೆ ಕೂತಿದ್ದೆವು. ಅವತ್ತಿನಿಂದ ದಾರಿ ಹಾಕುವಾಗ ನಾನು ಮೊದಲು ನೋಡುವುದು ಈ ಕೂಡುಗಳನ್ನೇ. ಮ್ಯಾಪಿನಲ್ಲಿ ನಿಮ್ಮ ಗೆರೆ ಬಣ್ಣದ ರಸ್ತೆಯನ್ನು ಎಲ್ಲೆಲ್ಲಿ ಮುಟ್ಟುತ್ತದೆ ಎಣಿಸಿ. ಅಡ್ಡ ದಾಟುವುದಾದರೆ ಇಳಿದು, ನಿಂತು, ದಾಟಿ. ಅದರ ಮೇಲೇ ಸ್ವಲ್ಪ ದೂರ ಓಡಿಸಬೇಕಾದರೆ ಮಗಳ ಜೊತೆ ಆ ದಾರಿ ಬೇಡ, ಎರಡು ಕಿ.ಮೀ. ಸುತ್ತಾದರೂ ಬೇರೆ ಹಾಕಿ. ಊರ ಹೊರಗೆ ಸೈಕಲ್ ದಾಟುವ ಕಾರು ಕಡಿಮೆಯೆಂದರೆ 2 ಮೀಟರ್ ಅಂತರ ಬಿಡಬೇಕು ಎಂದು 2020ರಿಂದ ನಿಯಮ ಇದೆ. ಎಲ್ಲರೂ ಪಾಲಿಸುತ್ತಾರೆ ಎಂದು ನಂಬಿಕೊಂಡು ಮಗುವನ್ನು ಬಿಡಲಾಗುವುದಿಲ್ಲ. ಹಳ್ಳಿಯೊಳಗೂ ಗಮನ ಇರಲಿ: 10 ವರ್ಷ ತುಂಬುವವರೆಗೆ ಮಕ್ಕಳು ಫುಟ್‌ಪಾತ್ ಮೇಲೆ ಓಡಿಸಬಹುದು. ನಿಮ್ಮ ಮಗಳಿಗೆ 11, ಅವಳು ರಸ್ತೆಯಲ್ಲೇ ಓಡಿಸಬೇಕು.

ಇಬ್ಬರೇ ಕಾಡಿಗೆ ಹೋಗಬಹುದಾ ಎಂದರೆ, ಹೌದು. ಬಂಡೀಪುರದ ಕಾಡನ್ನು ನೋಡಿದವರಿಗೆ ಕಾಡು ಎಂದರೆ ಆನೆ, ಹುಲಿ. ಇಲ್ಲಿ ಕಾಡುಹಂದಿ ಇದೆ, ಮರಿ ಜೊತೆಗಿದ್ದರೆ ದೂರ ನಿಲ್ಲಿ, ಮುಸ್ಸಂಜೆಗೆ ಮೊದಲೇ ಹೊರಗೆ ಬನ್ನಿ. ಅದಕ್ಕಿಂತ ಜಾಸ್ತಿ ಯೋಚನೆ ಮಾಡಬೇಕಾದದ್ದು ರಕ್ತ ಹೀರುವ ಉಣ್ಣಿಯ ಬಗ್ಗೆ. ಬಾಡೆನ್-ವ್ಯುರ್ಟೆಂಬರ್ಗ್‌ನಲ್ಲಿ ಉಣ್ಣಿ ಕಡಿತದಿಂದ ಮಿದುಳಿಗೆ ಬಾವು ತರುವ ವೈರಸ್ ಕಾಯಿಲೆ ಹರಡುತ್ತದೆ. ಅದಕ್ಕೆ ಲಸಿಕೆ ಇದೆ, ಇಂಥ ಕಡೆ ಓಡಾಡುವವರಿಗೆ ಸರ್ಕಾರದ ಲಸಿಕಾ ಸಮಿತಿಯೇ ಹೇಳುತ್ತದೆ. ನಿಮ್ಮ ವೈದ್ಯರನ್ನು ಈ ವಾರವೇ ಕೇಳಿ. ಉಣ್ಣಿಯಿಂದ ಬರುವ ಇನ್ನೊಂದು ಕಾಯಿಲೆ ಲೈಮ್‌ಗೆ ಈ ಲಸಿಕೆ ಕೆಲಸ ಮಾಡುವುದಿಲ್ಲ. ಹಾಗಾಗಿ ಮನೆಗೆ ಬಂದ ತಕ್ಷಣ ಮೊಣಕಾಲಿನ ಹಿಂದೆ, ತೊಡೆಸಂದು, ಕಂಕುಳು, ಕೂದಲಿನ ಅಂಚು ನೋಡಿಕೊಳ್ಳಿ. ಹುಲ್ಲಿನಲ್ಲಿ ಕೂರುವ ಬದಲು ಬೆಂಚ್ ಹುಡುಕಿ.

ಬಿದ್ದು ಪೆಟ್ಟಾದರೆ 112. ‘ಎಲ್ಲಿದ್ದೀರಿ’ ಎಂದರೆ ಕಾಡಿನಲ್ಲಿ ಏನು ಹೇಳುವುದು ಅಲ್ವಾ? ದಾರಿ ಕೂಡುವಲ್ಲಿ ಹಸಿರು ಹಲಗೆಯ ಮೇಲೆ ಬಿಳಿ ಶಿಲುಬೆಯ ಗುರುತು, ಒಂದು ನಂಬರು ಇರುತ್ತದೆ. ಅದು ‘ರೆಟ್ಟುಂಗ್ಸ್‌ಪುಂಕ್ಟ್’. ಆ ನಂಬರು ಹೇಳಿದರೆ ಆಂಬುಲೆನ್ಸ್‌ನವರಿಗೆ ಜಾಗ ಗೊತ್ತಾಗುತ್ತದೆ. ಒಳಗೆ ಹೋಗುವಾಗಲೇ ಕಂಡ ಹಲಗೆಯ ಫೋಟೋ ಹೊಡೆದುಕೊಂಡು ಹೋಗಿ, ನೆಟ್‌ವರ್ಕ್ ಎಲ್ಲ ಕಡೆ ಇರುವುದಿಲ್ಲ.

ಈಗ ಎಲ್ಲಿಗೆ ಹೋಗುವುದು? ನನ್ನ ಸಲಹೆ, ಕ್ರೈಷ್‌ಗೌಗೆ ಮೊದಲು ನಿಮ್ಮ ಪಶ್ಚಿಮಕ್ಕೆ ತಿರುಗಿ. ಶ್ವೆಟ್ಸಿಂಗರ್ ಹಾರ್ಟ್ ಎಂಬ ಪೈನ್ ಕಾಡು ನಿಮ್ಮ ಬಾಗಿಲಲ್ಲೇ ಇದೆ. ಸಮತಟ್ಟು, ಅಗಲ ದಾರಿ. ಶ್ವೆಟ್ಸಿಂಗನ್ ಅರಮನೆಯವರೆಗೆ ಹೋಗಿ ಐಸ್‌ಕ್ರೀಮ್ ತಿಂದು ಬನ್ನಿ. ಕಾರ್ಲ್ ಡ್ರೈಸ್ ತನ್ನ ಎರಡು ಚಕ್ರದ ಓಟದ ಯಂತ್ರವನ್ನು ಮೊದಲ ಸಲ ಓಡಿಸಿದ್ದು 1817ರ ಜೂನ್ 12ರಂದು, ಮ್ಯಾನ್‌ಹೈಮ್‌ನಿಂದ ಶ್ವೆಟ್ಸಿಂಗನ್ ಕಡೆಯ ದಾರಿಯಲ್ಲೇ ಎಂದು ಮಗಳಿಗೆ ಹೇಳಿ. ಸೈಕಲ್ ಹುಟ್ಟಿದ ಸೀಮೆಯಲ್ಲಿ ಸೈಕಲ್ ಕಲಿಯುತ್ತಿದ್ದಾಳೆ ಅವಳು. ಈ ಕಾಡಿನ ಒಂದೇ ತೊಂದರೆ ಮರಳು. ಕೆಳಗೆ ಹಳೇ ಮರಳದಿಬ್ಬಗಳಿವೆ, ಒಣ ಬೇಸಿಗೆಯಲ್ಲಿ ಕೆಲವು ಕಡೆ ಮುಂದಿನ ಚಕ್ರ ಹೂತುಹೋಗುತ್ತದೆ. ಹ್ಯಾಂಡಲ್ ಬಿಗಿ ಹಿಡಿಯದೆ, ತಿರುಗಿಸದೆ, ತುಳಿಯುತ್ತಾ ಇರಬೇಕು.

ಕ್ರೈಷ್‌ಗೌ ಅದಾದ ಮೇಲೆ. ಅದನ್ನು ‘ಸಾವಿರ ದಿಣ್ಣೆಗಳ ನಾಡು’ ಅನ್ನುತ್ತಾರೆ. ಒಂದೂ ದೊಡ್ಡ ಬೆಟ್ಟವಲ್ಲ, ಜಿನ್ಸ್‌ಹೈಮ್ ಬಳಿಯ ಸ್ಟೈನ್ಸ್‌ಬರ್ಗ್ ಕೋಟೆ ಇರುವುದೇ 333 ಮೀಟರ್ ಎತ್ತರದಲ್ಲಿ. ಆದರೆ 60 ಮೀಟರಿನ ದಿಣ್ಣೆ ಹತ್ತು ಸಲ ಹತ್ತಿಳಿದರೆ 600 ಮೀಟರ್ ಏರಿದ ಹಾಗೆ. ಮಕ್ಕಳು ಸೋಲುವುದು ಅಲ್ಲೇ. 20 ಕಿ.ಮೀ. ಸಾಕು. ಭಾನುವಾರ ಹಳ್ಳಿಗಳಲ್ಲಿ ಅಂಗಡಿ ಮುಚ್ಚಿರುತ್ತದೆ, ಬೇಕರಿ ಇದ್ದರೂ ಬೆಳಿಗ್ಗೆ ಕೆಲವೇ ಗಂಟೆ. ತಿಂಡಿ ಮನೆಯಿಂದಲೇ ಕಟ್ಟಿಕೊಳ್ಳಿ. ನೀರಿಗೆ ಊರ ಸ್ಮಶಾನದ ನಲ್ಲಿ ನೋಡಿ. ‘ಕೈನ್ ಟ್ರಿಂಕ್‌ವಾಸರ್’ ಎಂದಿದ್ದರೆ ಕುಡಿಯಬೇಡಿ.

ರೈಲು ಹತ್ತಲು ತಯಾರಿದ್ದರೆ ಸ್ಟುಟ್‌ಗಾರ್ಟ್ ಮತ್ತು ಟ್ಯೂಬಿಂಗನ್ ನಡುವಿನ ಶ್ಯೋನ್‌ಬುಖ್ ನನಗೆ ಬಹಳ ಇಷ್ಟ. 1972ರಲ್ಲೇ ಈ ರಾಜ್ಯದ ಮೊದಲ ನಿಸರ್ಗ ಉದ್ಯಾನವಾಯಿತು, ಸುಮಾರು 156 ಚದರ ಕಿ.ಮೀ. ಕಾಡಿನ ನಡುವೆ ಗೋಲ್ಡರ್ಸ್‌ಬಾಖ್ ತೊರೆಯ ಪಕ್ಕದ ಜಲ್ಲಿ ದಾರಿ ಬೇಬೆನ್‌ಹೌಸನ್ ಮಠದ ಕಡೆಗೆ ಇಳಿಯುತ್ತದೆ. ದೊಡ್ಡ ಕಾಡಾದ್ದರಿಂದ ರಸ್ತೆ ದಾಟುವ ಕೂಡುಗಳು ಕಡಿಮೆ, ನನಗೆ ಬೇಕಾದ್ದೇ ಅದು. ಭಾನುವಾರ ನಡೆಯುವವರು ತುಂಬಾ, ಶನಿವಾರ ಬೆಳಿಗ್ಗೆ ಹೋಗಿ.

ಟಾರು ದಾರಿ ಆರಿಸಿಕೊಂಡರೂ ತಪ್ಪಿಲ್ಲ. ಆಗ ಹಳೇ ರೈಲುಹಳಿ ಕಿತ್ತು ಮಾಡಿದ ಸೈಕಲ್ ದಾರಿ ನೋಡಿ. ಉಕ್ಕಿನ ಗಾಲಿ ಉಕ್ಕಿನ ಹಳಿಯ ಮೇಲೆ ಕಡಿದಾದ ಏರು ಹತ್ತಲಾರದು, ಅದಕ್ಕೇ ಆ ದಾರಿಗಳ ಏರು ಬಹಳ ಮೆಲ್ಲಗೆ. ಹೆಸ್ಸನ್ ರಾಜ್ಯದ ಫೋಗೆಲ್ಸ್‌ಬರ್ಗ್‌ನಲ್ಲಿರುವ ವುಲ್ಕಾನ್‌ರಾಡ್‌ವೆಗ್ ಅಂಥದ್ದು, 90 ಕಿ.ಮೀ.ಗೂ ಜಾಸ್ತಿ ಉದ್ದ. ಬೇಸಿಗೆಯ ವಾರಾಂತ್ಯಗಳಲ್ಲಿ ಸೈಕಲ್ ಟ್ರೇಲರ್ ಕಟ್ಟಿದ ಬಸ್ಸು ಮೇಲಕ್ಕೆ ಕರೆದುಕೊಂಡು ಹೋಗುತ್ತದೆ, ಅಲ್ಲಿಂದ ಇಳಿಯುತ್ತಾ ಬರಬಹುದು.

ಒಂದು ಮಾತು ಪಂಕ್ಚರ್ ಬಗ್ಗೆ. ಹಕ್ಕಿ ಗೂಡು ಕಟ್ಟುವ ಕಾಲ ಎಂದು ಮಾರ್ಚ್ 1ರಿಂದ ಸೆಪ್ಟೆಂಬರ್ 30ರವರೆಗೆ ಬೇಲಿಗಿಡಗಳನ್ನು ಬುಡಕ್ಕೆ ಕಡಿಯುವಂತಿಲ್ಲ. ಅದಕ್ಕೇ ಫೆಬ್ರವರಿಯಲ್ಲಿ ಎಲ್ಲರೂ ಕಡಿದು ಮುಗಿಸುತ್ತಾರೆ. ಆ ಬೇಲಿಗಳಲ್ಲಿರುವ ಶ್ಲೇಹೆ ಎಂಬ ಗಿಡದ ಮುಳ್ಳು ನಮ್ಮ ಜಾಲಿಮುಳ್ಳಿಗೆ ಕಡಿಮೆಯಿಲ್ಲ, ವಸಂತದಲ್ಲಿ ದಾರಿ ತುಂಬಾ ಬಿದ್ದಿರುತ್ತದೆ. ಮಗಳ ಸೈಜಿನ ಟ್ಯೂಬನ್ನೂ ಒಂದು ಇಟ್ಟುಕೊಳ್ಳಿ. ಅಮ್ಮಂದಿರು ತಮ್ಮ ಸೈಜಿನದ್ದೇ ತಂದು ದಾರಿಯಲ್ಲಿ ಕೂತದ್ದನ್ನು ನೋಡಿದ್ದೇನೆ.

ಮುಂದಿನ ಸವಾರಿಯಲ್ಲಿ ಮಗಳನ್ನು ಮುಂದೆ ಬಿಡಿ, ವೇಗ ಅವಳದ್ದೇ ಇರಲಿ. ಇಳಿಜಾರು ಬಂದಾಗ ಅವಳೇ ನಿಂತು, ಬಗ್ಗಿ, ಒಂದು ಹಿಡಿ ಜಲ್ಲಿ ಎತ್ತಿ ನೋಡಲಿ. ಓಡಿಸುವುದೋ ತಳ್ಳುವುದೋ ಅವಳು ಹೇಳಿದ ಹಾಗೆ ಮಾಡಿ. ಟೈರಿನ ಗಾಳಿಯನ್ನು ಮಾತ್ರ ಇವತ್ತು ಸಂಜೆಯೇ ನೋಡಿಬಿಡಿ.